ಅರಣ್ಯ ವಿಭಾಗಕ್ಕೆ ಎಜಿ ಆಡಿಟ್ ಬಂದಾಗ ಮೊದಲ ದಿನದ ಸಭೆಯಲ್ಲಿ ಏನೇನು ಇತ್ಯರ್ಥವಾಗಬೇಕು?

ಪ್ರಾದೇಶಿಕ ಅರಣ್ಯ ವಿಭಾಗದ ಕಚೇರಿಗೆ ಲೆಕ್ಕಪತ್ರ ಶಾಖೆಯ ಅಧೀಕ್ಷಕರಾಗಿ ಹೊಸದಾಗಿ ಬಂದಿದ್ದೀರಿ, ಹದಿನೈದು ದಿನದಲ್ಲಿ ಪ್ರಧಾನ ಮಹಾಲೇಖಪಾಲರ (ಎಜಿ) ಕಚೇರಿಯ ತಂಡ ಆಡಿಟ್‌ಗೆ ಬರಲಿದೆ, ಪತ್ರದಲ್ಲಿ ಮೊದಲ ದಿನದ ಸಭೆಗೆ ‘ಎಂಟ್ರಿ ಕಾನ್ಫರೆನ್ಸ್’ ಎಂದಿದೆ, ಅಲ್ಲಿ ಏನು ನಡೆಯುತ್ತದೆ, ಏನು ತಯಾರಿ ಬೇಕು ಎಂದು ಕೇಳಿದ್ದೀರಿ.

ಮೊದಲಿಗೆ ಒಂದು ಮಾತು: ಪರಿಚಯ, ಚಹಾ, ‘ಸಹಕಾರ ಕೊಡುತ್ತೇವೆ ಸಾರ್’ ಎಂದು ಇಪ್ಪತ್ತು ನಿಮಿಷದಲ್ಲಿ ಆ ಸಭೆಯನ್ನು ಮುಗಿಸಬೇಡಿ. ಯಾವ ಅವಧಿ, ಯಾವ ಯೋಜನೆಗಳು, ಯಾವ ವಲಯಗಳು, ಯಾವ ಕಾಗದವನ್ನು ಯಾರು ಯಾವ ದಿನ ಕೊಡುತ್ತಾರೆ ಎಂಬ ನಾಲ್ಕು ಸಂಗತಿ ಅಲ್ಲಿಯೇ ಬರವಣಿಗೆಗೆ ಬರಬೇಕು. ಅರಣ್ಯ ಕಚೇರಿಗಳಲ್ಲಿ ಆಕ್ಷೇಪಣೆ ಹುಟ್ಟುವುದು ಹೆಚ್ಚಾಗಿ ಕೆಲಸ ಆಗದೆ ಇರುವುದರಿಂದಲ್ಲ. ಕಾಡಿನಲ್ಲಿ ಆದ ಕೆಲಸಕ್ಕೆ ವಲಯದಲ್ಲೊಂದು ಕಾಗದ, ವಿಭಾಗದಲ್ಲೊಂದು ಕಾಗದ, ಎರಡಕ್ಕೂ ಹೊಂದಿಕೆ ಇಲ್ಲ. ಆ ಹೊಂದಿಕೆಯನ್ನು ತಂಡ ಬರುವ ಮೊದಲೇ ನೀವು ನೋಡಿಕೊಂಡಿದ್ದರೆ ಸಭೆ ಸಲೀಸು.

ಪತ್ರವನ್ನು ಇನ್ನೊಮ್ಮೆ ಓದಿ, ಯಾವ ಬಗೆಯ ಆಡಿಟ್ ಎಂದು ತಿಳಿದುಕೊಳ್ಳಿ. ಕಾರ್ಯಕ್ಷಮತಾ ಲೆಕ್ಕಪರಿಶೋಧನೆಯಾದರೆ (ಯೋಜನೆ ಉದ್ದೇಶ ಸಾಧಿಸಿತೇ ಎಂದು ನೋಡುವುದು) ಮುಖ್ಯ ಸಭೆ ಬೆಂಗಳೂರಿನಲ್ಲಿ ಇಲಾಖೆಯ ಕಾರ್ಯದರ್ಶಿ, ಅರಣ್ಯ ಪಡೆ ಮುಖ್ಯಸ್ಥರ ಮಟ್ಟದಲ್ಲಿ ನಡೆಯುತ್ತದೆ. ನಿಮ್ಮ ವಿಭಾಗ ಮಾದರಿಯಾಗಿ ಆಯ್ಕೆಯಾದ ಹಲವುಗಳಲ್ಲಿ ಒಂದು ಅಷ್ಟೆ. ಅನುಸರಣಾ ಲೆಕ್ಕಪರಿಶೋಧನೆಯಾದರೆ (ನಿಯಮ ಪಾಲಿಸಲಾಗಿದೆಯೇ ಎಂದು ನೋಡುವುದು) ಸಭೆ ನಿಮ್ಮ ಡಿಸಿಎಫ್ (ವಿಭಾಗದ ಮುಖ್ಯಸ್ಥರಾದ ಉಪ ಅರಣ್ಯ ಸಂರಕ್ಷಣಾಧಿಕಾರಿ) ಕೊಠಡಿಯಲ್ಲೇ, ಹಿರಿಯ ಲೆಕ್ಕಪರಿಶೋಧನಾಧಿಕಾರಿ ಮತ್ತು ಅವರ ಸಹಾಯಕ ಅಧಿಕಾರಿಗಳ ಜೊತೆ. ಎರಡಕ್ಕೂ ಆಧಾರ ಸಿಎಜಿಯ (ಭಾರತದ ನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರು) 1971ರ ಕಾಯ್ದೆ. ವೆಚ್ಚಕ್ಕೆ 13ನೇ ಪ್ರಕರಣ, ಆದಾಯಕ್ಕೆ 16, ದಾಸ್ತಾನಿಗೆ 17. ಅರಣ್ಯ ವಿಭಾಗ ಈ ಮೂರೂ ಇರುವ ಕಚೇರಿ ಎಂಬುದನ್ನು ಮರೆಯಬೇಡಿ: 2406 ಮತ್ತು 4406 ಲೆಕ್ಕ ಶೀರ್ಷಿಕೆಗಳ ಖರ್ಚು, 0406 ಶೀರ್ಷಿಕೆಯ ಆದಾಯ, ಡಿಪೋದ ಮರ. ಬರೀ ಓಚರ್ ಜೋಡಿಸಿಟ್ಟು ಕೂತರೆ ಡಿಪೋ ಪ್ರಶ್ನೆ ಬಂದಾಗ ತಡವರಿಸುತ್ತೀರಿ. 18ನೇ ಪ್ರಕರಣದ ಪ್ರಕಾರ ದಾಖಲೆ ಕೇಳುವ, ಪ್ರಶ್ನಿಸುವ ಅಧಿಕಾರ ತಂಡಕ್ಕಿದೆ. ಸಾಧ್ಯವಾದಷ್ಟು ಪೂರ್ಣವಾಗಿ, ತಡಮಾಡದೆ ಒದಗಿಸುವ ಹೊಣೆ ಕಚೇರಿಯ ಮುಖ್ಯಸ್ಥರದು. ಹಾಗಾಗಿ ‘ಆ ಕಡತ ಕೊಡಬೇಕೋ ಬೇಡವೋ’ ಎಂಬ ಚರ್ಚೆಗೆ ಸಭೆಯಲ್ಲಿ ಜಾಗವಿಲ್ಲ. ಯಾವಾಗ ಕೊಡುತ್ತೀರಿ ಎಂಬುದಷ್ಟೇ ಉಳಿಯುತ್ತದೆ.

ಹೊಸಬರು ಪದೇ ಪದೇ ಗೊಂದಲ ಮಾಡಿಕೊಳ್ಳುವ ಒಂದು ವಿಷಯವಿದೆ. ಲೆಕ್ಕ ಸಂಕಲಿಸುವ, ಪಿಂಚಣಿ ನೋಡುವ ಮಹಾಲೇಖಪಾಲರ ಕಚೇರಿ ಬೇರೆ. ಆಡಿಟ್ ಮಾಡುವ ಕಚೇರಿ ಬೇರೆ. ‘ಮಾಸಿಕ ಲೆಕ್ಕ ಎಜಿಗೆ ಕಳಿಸಿಯಾಗಿದೆ, ಅವರ ಹತ್ತಿರವೇ ಇದೆ’ ಎಂಬ ಉತ್ತರ ಇಲ್ಲಿ ನಡೆಯುವುದಿಲ್ಲ. ಖಜಾನೆ-2ರ (ರಾಜ್ಯ ಖಜಾನೆಯ ತಂತ್ರಾಂಶ) ಅಂಕಿಗೂ ನಿಮ್ಮ ವಹಿಯ ಅಂಕಿಗೂ ತಾಳೆ ನೋಡಿದ ಪಟ್ಟಿ, ತಿಂಗಳುವಾರು, ಸಹಿಯೊಂದಿಗೆ ನಿಮ್ಮ ಮೇಜಿನ ಮೇಲೇ ಇರಬೇಕು.

ಸಭೆಗೆ ಯಾರು ಬರಬೇಕು? ಡಿಸಿಎಫ್ ಅಧ್ಯಕ್ಷತೆ ವಹಿಸಲಿ. ಎಸಿಎಫ್‌ಗಳು (ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಗಳು), ಆಯ್ಕೆಯಾಗುವ ಸಾಧ್ಯತೆ ಇರುವ ವಲಯಗಳ ಆರ್‌ಎಫ್‌ಒಗಳು (ವಲಯ ಅರಣ್ಯಾಧಿಕಾರಿಗಳು), ನೀವು, ಕಚೇರಿ ವ್ಯವಸ್ಥಾಪಕರು, ಜಿಐಎಸ್ (ಗಣಕೀಕೃತ ನಕ್ಷೆ) ನೋಡುವವರು, ಡಿಪೋ ಅಧಿಕಾರಿ ಇರಲಿ. ವಿಷಯ ನಿರ್ವಾಹಕರನ್ನು ಹೊರಗೆ ಕೂರಿಸಬೇಡಿ; ಕಡತ ಎಲ್ಲಿದೆ ಎಂದು ಗೊತ್ತಿರುವುದು ಅವರಿಗೇ. ಅದೇ ಸಭೆಯಲ್ಲಿ ಒಬ್ಬರನ್ನು ಸಂಪರ್ಕಾಧಿಕಾರಿ ಎಂದು ಲಿಖಿತವಾಗಿ ನೇಮಿಸಿ. ಎಲ್ಲ ಬೇಡಿಕೆ ಪತ್ರಗಳೂ ಅವರ ಮೂಲಕವೇ ಬರಲಿ, ಅವರ ಮೂಲಕವೇ ಹೋಗಲಿ. ಅವರ ಬಳಿ ಒಂದು ವಹಿ ಬೇಕು: ಬೇಡಿಕೆಯ ಸಂಖ್ಯೆ, ದಿನಾಂಕ, ಕೇಳಿದ ದಾಖಲೆ, ಕೊಟ್ಟ ದಿನಾಂಕ, ಪುಟಗಳೆಷ್ಟು, ಪಡೆದವರ ಸಹಿ, ಹಿಂದಿರುಗಿದ ದಿನಾಂಕ. ತಂಡದವರು ಪ್ರಶ್ನೆಗಳನ್ನು ತಮ್ಮ ಆಡಿಟ್ ತಂತ್ರಾಂಶವಾದ ಒಐಒಎಸ್‌ನಿಂದ ಇಮೇಲ್‌ಗೆ ಕಳಿಸಿದರೂ ಈ ವಹಿ ಬಿಡಬೇಡಿ. ಮೂರು ವಾರದ ನಂತರ ‘ದಾಖಲೆ ಒದಗಿಸಿಲ್ಲ’ ಎಂದು ವರದಿಯಲ್ಲಿ ಬಂದರೆ ನಿಮ್ಮ ಕೈಲಿರುವ ಏಕೈಕ ಸಾಕ್ಷಿ ಅದು.

ತಂಡದಲ್ಲಿ ಕನ್ನಡ ಓದಲು ಬಾರದವರು ಇರಬಹುದು. ನೆಡುತೋಪಿನ ಜರ್ನಲ್ (ಪ್ರತಿ ತೋಪಿನ ಕೆಲಸದ ದಾಖಲೆ ಪುಸ್ತಕ), ಹಾಜರಿ ಪಟ್ಟಿ, ಮಹಜರು ಎಲ್ಲ ಕನ್ನಡದಲ್ಲೇ ಇರುತ್ತವೆ. ಅನುವಾದ ಮಾಡಿಸುವ ಅಗತ್ಯವಿಲ್ಲ, ಆದರೆ ಓದಿ ಹೇಳಲು ಬಲ್ಲ ಒಬ್ಬರನ್ನು ಮೊದಲ ದಿನವೇ ಗೊತ್ತುಮಾಡಿ. ಇಲ್ಲದಿದ್ದರೆ ‘ಕೈಬಿಟ್ಟ’ ಮತ್ತು ‘ಕೈಗೊಂಡ’ ಅದಲುಬದಲಾಗಿ ಒಂದು ಆಕ್ಷೇಪಣೆ ಹುಟ್ಟಬಹುದು.

ಇನ್ನು ಕಾಗದಗಳು. ಸಭೆಯ ದಿನ ಮೇಜಿನ ಮೇಲೆ ಇರಬೇಕಾದವು ಹೆಚ್ಚೇನಲ್ಲ: ವಿಭಾಗದ ನಕ್ಷೆ, ವಲಯ-ಶಾಖೆ-ಗಸ್ತುಗಳ ಪಟ್ಟಿ, ಮಂಜೂರಾದ ಮತ್ತು ಖಾಲಿ ಇರುವ ಹುದ್ದೆಗಳು, ಆಡಿಟ್ ಅವಧಿಯಲ್ಲಿ ಪ್ರಭಾರದಲ್ಲಿದ್ದ ಡಿಸಿಎಫ್ ಮತ್ತು ಆರ್‌ಎಫ್‌ಒಗಳು ಎಂದಿನಿಂದ ಎಂದಿನವರೆಗೆ ಎಂಬ ಪಟ್ಟಿ, ಲೆಕ್ಕ ಶೀರ್ಷಿಕೆವಾರು ಅನುದಾನ ಮತ್ತು ಖರ್ಚು, ಆದಾಯದ ಬೇಡಿಕೆ-ವಸೂಲಿ-ಬಾಕಿ ತಖ್ತೆ, ಮತ್ತು ಹಳೆಯ ತಪಾಸಣಾ ವರದಿಗಳ ಬಾಕಿ ಕಂಡಿಕೆಗಳ (ಇತ್ಯರ್ಥವಾಗದ ಆಕ್ಷೇಪಣೆಗಳ) ತಖ್ತೆ.

ಈ ಕೊನೆಯದಕ್ಕೆ ಹೆಚ್ಚು ಸಮಯ ಕೊಡಿ. ತಂಡ ಮೊದಲು ಕೇಳುವುದೇ ಅದನ್ನು. ವರದಿಯ ವರ್ಷ, ಕಂಡಿಕೆ ಸಂಖ್ಯೆ, ಎರಡು ಸಾಲಿನ ಸಾರಾಂಶ, ಮೊತ್ತ, ನೀವು ಕೊನೆಯದಾಗಿ ಉತ್ತರಿಸಿದ ಪತ್ರದ ಸಂಖ್ಯೆ-ದಿನಾಂಕ, ಈಗಿನ ಸ್ಥಿತಿ ಎಂದು ಬರೆಯಿರಿ. ವಸೂಲಿಯಾಗಿದ್ದರೆ ಚಲನ್ ಪ್ರತಿ ಮಾತ್ರ ಸಾಲದು, ಆ ಹಣ ಸರಿಯಾದ ಶೀರ್ಷಿಕೆಗೆ ಜಮಾ ಆದದ್ದಕ್ಕೆ ಖಜಾನೆಯ ದೃಢೀಕರಣವನ್ನೂ ಲಗತ್ತಿಸಿ. ಇಷ್ಟು ಸಿದ್ಧವಿದ್ದರೆ ‘ಈ ಕಂಡಿಕೆಗಳನ್ನು ನೀವಿರುವಾಗಲೇ ಪರಿಶೀಲಿಸಿ ಕೈಬಿಡಲು ಶಿಫಾರಸು ಮಾಡಿ’ ಎಂದು ಸಭೆಯಲ್ಲೇ ಕೋರಬಹುದು. ವರ್ಷಗಟ್ಟಲೆ ಅಂಚೆಯಲ್ಲಿ ಓಡಾಡುವ ಕಂಡಿಕೆಗಳು ಎದುರು ಕೂತಾಗ ಬೇಗ ಬಗೆಹರಿಯುತ್ತವೆ.

ನೆಡುತೋಪುಗಳ ವಿಷಯಕ್ಕೆ ಬರೋಣ. ಅತಿ ಹೆಚ್ಚು ಪ್ರಶ್ನೆ ಬರುವುದು ಇಲ್ಲಿಂದ. ತಂಡ ಬರುವ ಮೊದಲು ಪ್ರತಿ ವಲಯದಿಂದ ಎರಡು ತೋಪು ತೆಗೆದುಕೊಂಡು ನೀವೇ ಲೆಕ್ಕ ಹಾಕಿ ನೋಡಿ. 25 ಹೆಕ್ಟೇರ್, 3 ಮೀಟರ್‌ಗೆ 3 ಮೀಟರ್ ಅಂತರ ಎಂದರೆ ಹೆಕ್ಟೇರಿಗೆ 1,111 ಗುಂಡಿ, ಒಟ್ಟು 27,775. ಗುಂಡಿ ತೋಡಿದ ಓಚರ್‌ನಲ್ಲಿ, ಸಸ್ಯಕ್ಷೇತ್ರದ ದಾಸ್ತಾನು ವಹಿಯಿಂದ ಹೊರಟ ಸಸಿಗಳಲ್ಲಿ, ಸಾಗಣೆಯ ಬಿಲ್ಲಿನಲ್ಲಿ, ನೆಟ್ಟ ಓಚರ್‌ನಲ್ಲಿ, ಜರ್ನಲ್‌ನಲ್ಲಿ ಇದೇ ಸಂಖ್ಯೆ ಇದೆಯೇ? ಮರುವರ್ಷ ಶೇಕಡ 10ರಷ್ಟು ಮರುನೆಡುವಿಕೆ ಎಂದು ಖರ್ಚು ಹಾಕಿದ್ದರೆ ಸುಮಾರು 2,778 ಸಸಿ ಸಸ್ಯಕ್ಷೇತ್ರದ ವಹಿಯಲ್ಲಿ ಹೊರಗೆ ಹೋಗಿರಬೇಕು. ನೆಟ್ಟ ಕೂಲಿ ಇದೆ, ಸಸಿ ಹೊರಟ ದಾಖಲೆ ಇಲ್ಲ ಎಂದಾದರೆ ಅದು ನೇರವಾಗಿ ಕಂಡಿಕೆ. ಚೀಲದ ಅಳತೆಯೂ ತಾಳೆಯಾಗಲಿ: ದಾಸ್ತಾನಿನಲ್ಲಿ 6×9 ಇಂಚಿನ ಚೀಲದ ಸಸಿ, ಓಚರ್‌ನಲ್ಲಿ 8×12ರ ದರ ಇದ್ದರೆ ಯಾರಿಗಾದರೂ ಕಣ್ಣಿಗೆ ಬೀಳುತ್ತದೆ.

ವಿಸ್ತೀರ್ಣವನ್ನು ಈಗ ಯಾರೂ ಕಾಗದದಲ್ಲಿ ನಂಬುವುದಿಲ್ಲ. ತಂಡ ಕೆಎಂಎಲ್ ಕಡತ (ತೋಪಿನ ಗಡಿಯ ಡಿಜಿಟಲ್ ನಕ್ಷೆ) ಕೇಳುತ್ತದೆ, ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡುತ್ತದೆ. 25 ಹೆಕ್ಟೇರ್ ಎಂದು ಖರ್ಚು ಹಾಕಿದ ತೋಪಿನ ಗಡಿರೇಖೆ 21.4 ಹೆಕ್ಟೇರ್ ತೋರಿಸಿದರೆ ಉಳಿದ 3.6ಕ್ಕೆ ಗುಂಡಿ, ಗಿಡ, ಕಳೆ, ಕಾವಲು ಎಲ್ಲದರ ಮೊತ್ತವೂ ಆಕ್ಷೇಪಣೆಗೆ ಸಿಗುತ್ತದೆ. ಕೆಲವು ಸಲ ಕಾರಣ ನಿಜವಾಗಿಯೂ ಸಣ್ಣದು: ಬಂಡೆ, ಹಳ್ಳ, ಇದ್ದ ಮರಗಳ ಗುಂಪನ್ನು ಬಿಟ್ಟು ಅಳೆದಿರುತ್ತಾರೆ, ಅಥವಾ ಎರಡು ತುಂಡಿನ ತೋಪಿನಲ್ಲಿ ಒಂದರ ಕಡತ ಮಾತ್ರ ಹಾಕಿರುತ್ತಾರೆ. ಆ ಕಾರಣ ಜರ್ನಲ್‌ನಲ್ಲಿ ಆಗಲೇ ಬರೆದಿದ್ದರೆ ಉತ್ತರ. ಈಗ ಬರೆದರೆ ತಿದ್ದುಪಡಿ. ದಯವಿಟ್ಟು ಹಳೆಯ ಜರ್ನಲ್‌ಗೆ ಹೊಸ ಶಾಯಿಯಲ್ಲಿ ಏನನ್ನೂ ಸೇರಿಸಬೇಡಿ. ವ್ಯತ್ಯಾಸ ಇದ್ದರೆ ಇಂದಿನ ದಿನಾಂಕದಲ್ಲಿ ಟಿಪ್ಪಣಿ ಬರೆದು ಆರ್‌ಎಫ್‌ಒ ಸಹಿ ಮಾಡಲಿ.

ದಿನಾಂಕಗಳಿಗೂ ಕಾಡಿನ ಪಂಚಾಂಗ ಹೊಂದಬೇಕು. ಬೆಂಕಿ ರೇಖೆಯನ್ನು ಬೇಸಿಗೆ ಬಲಿಯುವ ಮೊದಲೇ ಕತ್ತರಿಸಿರಬೇಕು. ಓಚರ್‌ನಲ್ಲಿ ಕೆಲಸದ ದಿನಾಂಕ ಮಾರ್ಚ್ ಕೊನೆಯ ವಾರ ಎಂದಿದ್ದರೆ ಬೆಂಕಿ ಬಿದ್ದ ಮೇಲೆ ರೇಖೆ ಏಕೆ ಎಂಬ ಪ್ರಶ್ನೆ ಸಹಜ. ಅನುದಾನ ತಡವಾಗಿ ಬಂದು ಪಾವತಿ ಮಾತ್ರ ಮಾರ್ಚ್‌ನಲ್ಲಿ ಆಗಿದ್ದರೆ, ಕೆಲಸದ ದಿನಾಂಕ ಮತ್ತು ಪಾವತಿಯ ದಿನಾಂಕ ಬೇರೆ ಎಂದು ಅಳತೆ ಪುಸ್ತಕದಲ್ಲಿ ಕಾಣಬೇಕು. ಆನೆ ಕಂದಕಗಳದ್ದೂ ಇದೇ ಕಥೆ. ಬೇಸಿಗೆಯಲ್ಲಿ ತೋಡಿದ್ದು ಒಂದು ಮಳೆಗಾಲಕ್ಕೆ ಹೂಳು ತುಂಬಿ, ಆಡಿಟ್‌ನವರು ಅಳೆಯುವಾಗ ಆಳ ಕಡಿಮೆ ಬರುತ್ತದೆ. ಮೇಲಗಲ, ತಳದಗಲ, ಆಳ ಮೂರನ್ನೂ ತೋರಿಸುವ ಅಂದಿನ ಚಿತ್ರಗಳು, ಎಸಿಎಫ್ ಮಾಡಿದ ಪರೀಕ್ಷಾ ಅಳತೆ, ಮಣ್ಣೋ ಗಟ್ಟಿಬಂಡೆಯೋ ಎಂಬ ವರ್ಗೀಕರಣಕ್ಕೆ ಆಧಾರ, ಇವನ್ನು ಒಟ್ಟಿಗೆ ಇಡಿ. ಸಿವಿಲ್ ಕಾಮಗಾರಿಗಳಲ್ಲಿ ಕಡಿತಗಳನ್ನು ಒಮ್ಮೆ ನೋಡಿಬಿಡಿ: ಕಾರ್ಮಿಕ ಕಲ್ಯಾಣ ಸೆಸ್ ಶೇಕಡ 1, ಗುತ್ತಿಗೆ ಮೊತ್ತ ₹2.5 ಲಕ್ಷ ದಾಟಿದರೆ ಜಿಎಸ್‌ಟಿ ಟಿಡಿಎಸ್ ಶೇಕಡ 2, ಕಲ್ಲು-ಮರಳಿಗೆ ರಾಜಧನ. ಬಿಟ್ಟುಹೋಗಿದ್ದರೆ ಎಷ್ಟು ಎಂದು ಈಗಲೇ ಪಟ್ಟಿ ಮಾಡಿ.

ಪರಿಹಾರಾತ್ಮಕ ಅರಣ್ಯೀಕರಣದ (ಯೋಜನೆಗಳಿಗೆ ಬಿಟ್ಟುಕೊಟ್ಟ ಅರಣ್ಯಕ್ಕೆ ಬದಲಾಗಿ ಬೇರೆಡೆ ಗಿಡ ನೆಡುವ) ಪ್ರಕರಣಗಳಿದ್ದರೆ ಒಂದೊಂದು ಯೋಜನೆಗೂ ಒಂದೊಂದು ಹಾಳೆ ಮಾಡಿ. ಎಷ್ಟು ಅರಣ್ಯ ಬಿಟ್ಟುಕೊಡಲಾಯಿತು, ನಿವ್ವಳ ಪ್ರಸ್ತುತ ಮೌಲ್ಯ (ಬಿಟ್ಟುಕೊಟ್ಟ ಅರಣ್ಯಕ್ಕೆ ಯೋಜನೆಯವರು ಕಟ್ಟುವ ಹಣ) ಎಷ್ಟು ಕಟ್ಟಿದರು, ಬದಲಿಗೆ ಬಂದದ್ದು ಸಮ ವಿಸ್ತೀರ್ಣದ ಅರಣ್ಯೇತರ ಭೂಮಿಯೋ ಕ್ಷೀಣಿಸಿದ ಅರಣ್ಯದಲ್ಲಿ ಎರಡು ಪಟ್ಟೋ, ಗಿಡ ನೆಟ್ಟದ್ದು ಎಲ್ಲಿ. ಬದಲಿ ಭೂಮಿಯ ಪಹಣಿ ತೆಗೆಸಿ 9ನೇ ಕಲಂ (ಮಾಲೀಕರ ಹೆಸರು) ನೋಡಿ. ಅಲ್ಲಿ ಇನ್ನೂ ಕಂದಾಯ ಇಲಾಖೆಯ ಹೆಸರೇ ಇದ್ದರೆ, ಅರಣ್ಯವೆಂದು ಅಧಿಸೂಚನೆಯೂ ಆಗಿಲ್ಲದಿದ್ದರೆ, ತಹಶೀಲ್ದಾರರಿಗೆ ಬರೆದ ಪತ್ರಗಳ ಪ್ರತಿ ಜೋಡಿಸಿ. ಕ್ಯಾಂಪಾ (ಪರಿಹಾರಾತ್ಮಕ ಅರಣ್ಯೀಕರಣ ನಿಧಿ) ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇದ್ದರೆ ಬಡ್ಡಿಯನ್ನು ಏನು ಮಾಡಿದಿರಿ ಎಂಬ ಪ್ರಶ್ನೆ ಬರುತ್ತದೆ.

ಡಿಪೋದಲ್ಲಿ ವಾರ್ಷಿಕ ಭೌತಿಕ ಪರಿಶೀಲನೆಯ ಪ್ರಮಾಣಪತ್ರ, ಹರಾಜಾಗದೆ ಉಳಿದ ಲಾಟುಗಳ ಪಟ್ಟಿ, ಅಪರಾಧ ಪ್ರಕರಣದಲ್ಲಿ ಜಪ್ತಿಯಾದ ಮರ ಮತ್ತು ವಾಹನಗಳ ಪಟ್ಟಿ ಬೇಕು. ಶ್ರೀಗಂಧ ಒಣಗಿ ತೂಕ ಕಳೆದುಕೊಳ್ಳುತ್ತದೆ. ವಹಿಯ ತೂಕಕ್ಕೂ ತಕ್ಕಡಿಯ ತೂಕಕ್ಕೂ ವ್ಯತ್ಯಾಸವಿದ್ದರೆ ತಂಡದ ಎದುರು ಮೊದಲ ಬಾರಿ ತೂಗುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಸಭೆಯಲ್ಲಿ ಹೇಗೆ ಮಾತಾಡಬೇಕು ಎಂದೂ ಕೇಳಿದ್ದೀರಿ. ಗೊತ್ತಿರುವ ಕೊರತೆಯನ್ನು ನೀವೇ ಮೊದಲು ಹೇಳಿ: ‘ಈ ವಲಯದ ಮೂರು ಕಡತ ಲೋಕಾಯುಕ್ತರ ವಶದಲ್ಲಿವೆ, ಪತ್ರ ಸಂಖ್ಯೆ ಇದು, ದೃಢೀಕೃತ ಪ್ರತಿ ಇದೆ.’ ‘ಈ ತೋಪಿಗೆ ಬೆಂಕಿ ಬಿದ್ದಿದೆ, ಪ್ರಕರಣ ದಾಖಲಾಗಿದೆ, ಬದುಕಿರುವ ಗಿಡಗಳ ಎಣಿಕೆ ಇಲ್ಲಿದೆ.’ ತಾವಾಗಿ ಕಂಡುಹಿಡಿದರೆ ಅದು ಅವರ ಶೋಧ. ನೀವೇ ದಾಖಲೆಯೊಂದಿಗೆ ಇಟ್ಟರೆ ಇಲಾಖೆ ಕ್ರಮ ಕೈಗೊಂಡದ್ದೂ ವರದಿಗೆ ಸೇರುತ್ತದೆ. ಆದರೆ ಗೊತ್ತಿಲ್ಲದ್ದಕ್ಕೆ ಊಹೆಯ ಉತ್ತರ ಬೇಡ. ‘ನೋಡಿ ಲಿಖಿತವಾಗಿ ಕೊಡುತ್ತೇವೆ’ ಎನ್ನಿ, ದಿನಾಂಕ ಹೇಳಿ. ಆರ್‌ಎಫ್‌ಒಗಳು ಹುಮ್ಮಸ್ಸಿನಲ್ಲಿ ‘ನಮ್ಮಲ್ಲಿ ಶೇಕಡ 90 ಗಿಡ ಬದುಕಿವೆ’ ಎನ್ನುವುದುಂಟು. ಎಣಿಕೆಯ ವರದಿ ಇಲ್ಲದೆ ಆ ಮಾತು ಬಾಯಿಂದ ಬರಬಾರದೆಂದು ಹಿಂದಿನ ದಿನವೇ ತಿಳಿಸಿ.

ಸ್ಥಳ ಪರಿಶೀಲನೆಯ ದಿನಗಳನ್ನು ಸಭೆಯಲ್ಲೇ ಗೊತ್ತುಮಾಡಿಕೊಳ್ಳಿ. ಮಲೆನಾಡಿನ ವಿಭಾಗವಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲವು ತೋಪಿಗೆ ಜೀಪು ಹೋಗುವುದೇ ಇಲ್ಲ. ನಾಲ್ಕು ಕಿಲೋಮೀಟರ್ ನಡಿಗೆ ಇದೆ, ಆನೆ ಓಡಾಟವಿದೆ ಎಂದು ಮೊದಲೇ ತಿಳಿಸಿದರೆ ಅದು ಮಾಹಿತಿ. ಹೊರಡುವ ಬೆಳಿಗ್ಗೆ ಹೇಳಿದರೆ ತಪ್ಪಿಸಿಕೊಳ್ಳುವ ಯತ್ನದಂತೆ ಕಾಣುತ್ತದೆ. ಯಾವ ತೋಪು ನೋಡಬೇಕೆಂಬ ಆಯ್ಕೆ ಅವರದೇ, ಅದರಲ್ಲಿ ಕೈ ಹಾಕಬೇಡಿ. ಜಂಟಿ ಪರಿಶೀಲನೆಯ ಟಿಪ್ಪಣಿಗೆ ಆರ್‌ಎಫ್‌ಒ ಸಹಿ ಹಾಕುವ ಮೊದಲು ಪೂರ್ತಿ ಓದಲಿ. ಭಿನ್ನಾಭಿಪ್ರಾಯ ಇದ್ದರೆ ಸಹಿಯ ಮೇಲೆಯೇ, ಅಲ್ಲಿಯೇ ಎರಡು ಸಾಲು ಬರೆಯಲಿ. ತಿಂಗಳ ನಂತರ ‘ಒತ್ತಡದಲ್ಲಿ ಸಹಿ ಮಾಡಿದೆ’ ಎಂದರೆ ಯಾರೂ ಪರಿಗಣಿಸುವುದಿಲ್ಲ.

ಸಭೆ ಮುಗಿದ ಸಂಜೆಯೇ ನಡಾವಳಿ ಒಂದು ಪುಟದಲ್ಲಿ ಸಿದ್ಧವಾಗಲಿ. ಹಾಜರಿದ್ದವರು, ಅವಧಿ, ಆಯ್ಕೆಯಾದ ವಲಯಗಳು, ದಾಖಲೆ ಕೊಡುವ ದಿನಾಂಕಗಳು, ಸ್ಥಳ ಪರಿಶೀಲನೆಯ ದಿನಗಳು, ವಾರಕ್ಕೊಮ್ಮೆ ಬಾಕಿ ಪ್ರಶ್ನೆಗಳನ್ನು ಎದುರು ಕೂತು ನೋಡುವ ದಿನ, ಕೊನೆಯ ಸಭೆಯ ದಿನ ಅದರಲ್ಲಿರಲಿ. ಡಿಸಿಎಫ್ ಸಹಿ ಮಾಡಿಸಿ ತಂಡಕ್ಕೂ ಪ್ರತಿ ವಲಯಕ್ಕೂ ಕಳಿಸಿ. ತಪಾಸಣಾ ವರದಿ ಕೈಸೇರಿದ ಮೇಲೆ ಉತ್ತರಕ್ಕೆ ಇರುವುದು ನಾಲ್ಕು ವಾರ. ಆಗ ಕಡತಗಳೆಲ್ಲ ಮತ್ತೆ ಬೀರು ಸೇರಿರುತ್ತವೆ. ಹಾಗಾಗಿ ತಂಡಕ್ಕೆ ಕೊಟ್ಟ ಪ್ರತಿಯೊಂದು ಕಾಗದದ ಇನ್ನೊಂದು ಪ್ರತಿಯನ್ನು ಬೇಡಿಕೆ ಸಂಖ್ಯೆಯ ಕ್ರಮದಲ್ಲೇ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ.