ಗ್ರೀಕ್ ಸಾಹಿತ್ಯ, ತತ್ವಶಾಸ್ತ್ರ: ಸಾಕ್ರಟೀಸನ ವಿಚಾರಣೆಯಿಂದ ಆರಂಭಿಸಿ

ಹೋಮರನಿಂದ ಹಿಡಿದು ಕಾಲಾನುಕ್ರಮದಲ್ಲಿ ಓದಬೇಕೇ, ಇಲ್ಲ ನೇರವಾಗಿ ಪ್ಲೇಟೋನ ‘ರಿಪಬ್ಲಿಕ್’ ಕೈಗೆತ್ತಿಕೊಳ್ಳಬೇಕೇ ಎಂದು ಕೇಳಿದ್ದೀರಿ. ಗ್ರೀಕ್ ಭಾಷೆ ಬಾರದು, ತತ್ವಶಾಸ್ತ್ರವನ್ನು ಕಾಲೇಜಿನಲ್ಲಿ ಕಲಿತಿಲ್ಲ ಎಂದೂ ಬರೆದಿದ್ದೀರಿ. ನಾನು ಎರಡೂ ದಾರಿ ಬೇಡ ಎನ್ನುತ್ತೇನೆ. ಪ್ಲೇಟೋ ಬರೆದ ‘ಅಪಾಲಜಿ’ಯಿಂದ ಆರಂಭಿಸಿ. ಅವನ ಗುರು ಸಾಕ್ರಟೀಸ್ ತನ್ನ ವಿಚಾರಣೆಯಲ್ಲಿ ಆಡಿದ ಭಾಷಣದ ರೂಪದಲ್ಲಿದೆ ಅದು. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದ ಪುಟ್ಟ ಕೃತಿ ಅದು. ಓದಲು ಯಾವ ಪೂರ್ವಸಿದ್ಧತೆಯೂ ಬೇಕಿಲ್ಲ. ಮುಂದೆ ಏನನ್ನು ಓದಬೇಕು ಎಂಬುದನ್ನು ಅದೇ ಹೇಳಿಕೊಡುತ್ತದೆ.

ಕ್ರಿ.ಪೂ. 399. ಎಪ್ಪತ್ತು ವರ್ಷದ ಸಾಕ್ರಟೀಸ್ ಅಥೆನ್ಸಿನ ನ್ಯಾಯಾಲಯದಲ್ಲಿ ನಿಂತಿದ್ದಾನೆ. ನಗರದ ದೇವರುಗಳನ್ನು ಒಪ್ಪುವುದಿಲ್ಲ, ಯುವಕರನ್ನು ಕೆಡಿಸುತ್ತಾನೆ ಎಂಬುದು ಆರೋಪ. ಎದುರಿಗೆ ತೀರ್ಪು ಕೊಡಲು ಕುಳಿತವರು ಸುಮಾರು ಐನೂರು ಮಂದಿ ಸಾಮಾನ್ಯ ನಾಗರಿಕರು. ಅವನ ಪರವಾಗಿ ವಾದಿಸಲು ವಕೀಲನಿಲ್ಲ, ಅವನೇ ಮಾತನಾಡಬೇಕು. ತನಗೆ ಈ ಕೆಟ್ಟ ಹೆಸರು ಹೇಗೆ ಬಂತು ಎಂಬುದನ್ನು ಅವನು ಆರಂಭದಲ್ಲೇ ವಿವರಿಸುತ್ತಾನೆ. ಸಾಕ್ರಟೀಸನಿಗಿಂತ ಜ್ಞಾನಿ ಯಾರೂ ಇಲ್ಲ ಎಂದು ಡೆಲ್ಫಿಯ ದೇವವಾಣಿ ಹೇಳಿತಂತೆ. ಅದು ಹೇಗೆ ಸಾಧ್ಯವೆಂದು ಪರೀಕ್ಷಿಸಲು ಅವನು ರಾಜಕಾರಣಿಗಳ ಬಳಿ, ಕವಿಗಳ ಬಳಿ, ಕುಶಲಕರ್ಮಿಗಳ ಬಳಿ ಹೋಗಿ ಪ್ರಶ್ನೆ ಕೇಳುತ್ತಾ ಸುತ್ತಿದ. ತಮಗೆ ತಿಳಿಯದ್ದನ್ನೂ ತಿಳಿದಿದ್ದೇವೆ ಎಂದುಕೊಂಡವರೇ ಎಲ್ಲೆಡೆ ಸಿಕ್ಕಿದರು. ಪ್ಲೇಟೋನ ಉಳಿದ ಸಂಭಾಷಣೆಗಳಲ್ಲಿ ಸಾಕ್ರಟೀಸ್ ಯಾಕೆ ಸದಾ ಪ್ರಶ್ನೆ ಕೇಳುತ್ತಲೇ ಇರುತ್ತಾನೆ ಎಂಬುದಕ್ಕೆ ಉತ್ತರ ಇಲ್ಲಿದೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಅಪರಾಧಿ ಎಂದು ತೀರ್ಮಾನವಾದ ಮೇಲಿನ ಭಾಗ. ಇಂಥ ಮೊಕದ್ದಮೆಗಳಲ್ಲಿ ದೂರುದಾರ ಒಂದು ಶಿಕ್ಷೆ ಸೂಚಿಸುತ್ತಿದ್ದ, ಅಪರಾಧಿ ಇನ್ನೊಂದನ್ನು ಸೂಚಿಸಬಹುದಿತ್ತು. ಎರಡರಲ್ಲಿ ಒಂದನ್ನು ಸಭೆ ಆರಿಸಬೇಕು. ದೂರುದಾರರು ಮರಣದಂಡನೆ ಕೇಳಿದ್ದಾರೆ. ಸಾಕ್ರಟೀಸ್ ಗಡೀಪಾರು ಎಂದಿದ್ದರೆ ಬಹುಶಃ ಜೀವ ಉಳಿಯುತ್ತಿತ್ತು. ಅವನು ಅದನ್ನು ಬಿಟ್ಟು, ಒಲಿಂಪಿಕ್ ಪಂದ್ಯ ಗೆದ್ದವರಿಗೆ ಕೊಡುವಂತೆ ತನಗೂ ನಗರದ ಖರ್ಚಿನಲ್ಲಿ ಊಟ ಹಾಕಬೇಕು, ತಾನು ಮಾಡಿದ್ದಕ್ಕೆ ಸಲ್ಲಬೇಕಾದುದು ಅದು ಎನ್ನುತ್ತಾನೆ. ಆಮೇಲೆ ಒಂದು ಮೀನಾ (ಆಗಿನ ಹಣದ ಲೆಕ್ಕ) ದಂಡ ಕಟ್ಟಬಲ್ಲೆ ಎನ್ನುತ್ತಾನೆ. ಗೆಳೆಯರು ಒತ್ತಾಯಿಸಿದಾಗ ಅದನ್ನು ಮೂವತ್ತಕ್ಕೆ ಏರಿಸುತ್ತಾನೆ. ಜಾಮೀನು ನಿಲ್ಲಲು ಮುಂದೆ ಬಂದವರ ಹೆಸರುಗಳಲ್ಲಿ ಪ್ಲೇಟೋನದೂ ಇದೆ. ತನ್ನ ಬರವಣಿಗೆಯಲ್ಲಿ ತನ್ನ ಹೆಸರನ್ನು ಹೇಳಿಕೊಳ್ಳುವುದೇ ಅಪರೂಪವಾದ ಲೇಖಕ, ಗುರುವಿನ ಜೀವ ಉಳಿಸಲು ಹಣ ಕೊಡುತ್ತೇನೆಂದ ಕಡೆ ಹೇಳಿಕೊಂಡಿದ್ದಾನಲ್ಲ! ಅಲ್ಲಿಗೆ ಬಂದಾಗಲೆಲ್ಲ ನನ್ನ ಓದು ತಾನಾಗಿ ನಿಧಾನವಾಗುತ್ತದೆ.

ಇದೇ ಭಾಷಣದ ನಡುವೆ ಹೋಮರನ ಬಾಗಿಲು ತೆರೆಯುತ್ತದೆ. ನಿನಗೇ ಸಾವು ತರುವ ಕೆಲಸ ಮಾಡಲು ನಾಚಿಕೆಯಾಗುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಎಂಬ ಪ್ರಶ್ನೆಯನ್ನು ಸಾಕ್ರಟೀಸ್ ತಾನೇ ಎತ್ತಿಕೊಂಡು, ಥೆಟಿಸಳ ಮಗನನ್ನು ನೆನೆಯುತ್ತಾನೆ. ಟ್ರಾಯ್ ನಗರದ ವೀರ ಹೆಕ್ಟರನನ್ನು ಕೊಂದರೆ ನಿನ್ನ ಸಾವೂ ಹಿಂದೆಯೇ ಬರುತ್ತದೆ ಎಂದು ತಾಯಿ ಎಚ್ಚರಿಸಿದರೂ ಆ ವೀರ ಗೆಳೆಯನ ಸಾವಿಗೆ ಸೇಡು ತೀರಿಸಿಕೊಳ್ಳಲು ಹೊರಟ. ಅಕಿಲೀಸ್ ಎಂದು ಹೆಸರು ಹೇಳುವ ಅಗತ್ಯವೂ ಅಲ್ಲಿ ಬೀಳಲಿಲ್ಲ, ಕೇಳುತ್ತಿದ್ದವರಿಗೆಲ್ಲ ಗೊತ್ತಿತ್ತು. ‘ಅಪಾಲಜಿ’ಯ ಬೆನ್ನಿಗೇ ‘ಕ್ರೀಟೋ’ ಓದಿ, ಅದು ಇನ್ನೂ ಚಿಕ್ಕದು. ಅದರಲ್ಲಿ ಮರಣದಂಡನೆಗೆ ಕಾಯುತ್ತಾ ಸೆರೆಮನೆಯಲ್ಲಿರುವ ಸಾಕ್ರಟೀಸ್ ಒಂದು ಕನಸು ಹೇಳುತ್ತಾನೆ: ಬಿಳಿಯ ಉಡುಗೆಯ ಹೆಂಗಸೊಬ್ಬಳು, ಮೂರನೆಯ ದಿನ ನೀನು ಫ್ಥಿಯಾ ತಲುಪುತ್ತೀಯೆ ಎಂದಳಂತೆ. ಅದು ಹೋಮರನ ‘ಇಲಿಯಡ್’ನ ಒಂಬತ್ತನೆಯ ಸರ್ಗದಲ್ಲಿ ಯುದ್ಧ ಬಿಟ್ಟು ತನ್ನ ಊರು ಫ್ಥಿಯಾಕ್ಕೆ ಹೋಗುತ್ತೇನೆಂದು ಸಿಟ್ಟಿನಿಂದ ಹೇಳುವ ಅಕಿಲೀಸನ ಮಾತು. ಅಕಿಲೀಸನಿಗೆ ಆ ಊರು ಮತ್ತೆ ಸಿಗಲಿಲ್ಲ. ಸಾಕ್ರಟೀಸ್ ತನ್ನ ಸಾವನ್ನೇ ಊರು ಸೇರುವುದೆಂದು ಎಣಿಸುತ್ತಿದ್ದಾನೆ. ಗ್ರೀಕರ ಕಾವ್ಯ ಒಂದು ಕಡೆ, ಚಿಂತನೆ ಒಂದು ಕಡೆ ಎಂದು ಎರಡು ಪಟ್ಟಿ ಮಾಡಿಕೊಂಡು ಓದಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಆದ್ದರಿಂದ ಮೂರನೆಯದು ‘ಇಲಿಯಡ್’. ಮರದ ಕುದುರೆಯಾಗಲಿ ಅಕಿಲೀಸನ ಸಾವಾಗಲಿ ಅದರಲ್ಲಿ ಬರುವುದಿಲ್ಲ. ಗ್ರೀಕರು ಟ್ರಾಯ್ ನಗರದ ಮೇಲೆ ಮಾಡಿದ ಹತ್ತು ವರ್ಷದ ಯುದ್ಧದ ಕೊನೆಯ ಹಂತದ ಕೆಲವೇ ವಾರಗಳ ಕಥೆ ಅದು. ಒಟ್ಟು 24 ಸರ್ಗಗಳು. ಎರಡನೆಯ ಸರ್ಗದಲ್ಲಿ ಹಡಗುಗಳ, ನಾಯಕರ, ಊರುಗಳ ಉದ್ದನೆಯ ಪಟ್ಟಿ ಬರುತ್ತದೆ. ಮೊದಲ ಓದಿನಲ್ಲಿ ಅದನ್ನು ಸಂಕೋಚವಿಲ್ಲದೆ ಹಾರಿಸಿ. ಆರನೆಯ ಸರ್ಗವನ್ನು ಮಾತ್ರ ಅವಸರವಿಲ್ಲದೆ ಓದಿ. ಯುದ್ಧದ ನಡುವೆ ಹೆಕ್ಟರ್ ಹೆಂಡತಿ ಆಂಡ್ರೊಮಕಿಯನ್ನು ನೋಡಲು ಬಂದಿದ್ದಾನೆ. ಎತ್ತಿಕೊಳ್ಳಲು ಕೈ ಚಾಚಿದರೆ ಅವನ ಶಿರಸ್ತ್ರಾಣದ ಮೇಲೆ ಅಲುಗುವ ಕುದುರೆಕೂದಲಿನ ತುರಾಯಿ ಕಂಡು ಮಗು ಹೆದರಿ ಅಳುತ್ತದೆ. ಅಪ್ಪ ಅಮ್ಮ ಇಬ್ಬರೂ ನಗುತ್ತಾರೆ. ಅವನು ಶಿರಸ್ತ್ರಾಣ ಕಳಚಿ ನೆಲದ ಮೇಲಿಟ್ಟು ಮಗುವಿಗೆ ಮುತ್ತಿಡುತ್ತಾನೆ. ಇಪ್ಪತ್ತೆರಡನೆಯ ಸರ್ಗದಲ್ಲಿ ಹೆಕ್ಟರ್ ಸತ್ತುಬಿದ್ದಿದ್ದಾನೆ. ಅದು ತಿಳಿಯದ ಆಂಡ್ರೊಮಕಿ, ದಣಿದು ಬರುವ ಗಂಡನ ಸ್ನಾನಕ್ಕೆ ನೀರು ಕಾಯಿಸಲು ದಾಸಿಯರಿಗೆ ಹೇಳುತ್ತಿದ್ದಾಳೆ. ಹೆಕ್ಟರ್ ಗ್ರೀಕರ ಶತ್ರು ಎಂಬುದನ್ನು ನೆನಪಿಡಿ.

ನಾಟಕಗಳ ವಿಷಯದಲ್ಲಿ ಕನ್ನಡಿಗರು ಭಾಗ್ಯವಂತರು. ಸೊಫೋಕ್ಲಿಸನ ಎರಡು ನಾಟಕಗಳನ್ನು ಪಿ. ಲಂಕೇಶರು ‘ದೊರೆ ಈಡಿಪಸ್’, ‘ಅಂತಿಗೊನೆ’ ಎಂದು ಕನ್ನಡಕ್ಕೆ ತಂದಿದ್ದಾರೆ. ‘ಕ್ರೀಟೋ’ ಮುಗಿಸಿದ ಮೇಲೆ ‘ಅಂತಿಗೊನೆ’ ಹಿಡಿಯಿರಿ. ದೊರೆಯ ಆಜ್ಞೆ ಮೀರಿ ಅಣ್ಣನ ಶವಕ್ಕೆ ಮಣ್ಣು ಹಾಕಿದ ಹುಡುಗಿ, ಬರೆಯದ ದೈವನಿಯಮಗಳು ನಿನ್ನ ಆಜ್ಞೆಗಿಂತ ದೊಡ್ಡವು ಎನ್ನುತ್ತಾಳೆ. ಸೆರೆಮನೆಯಿಂದ ಪಾರಾಗುವ ಅವಕಾಶವಿದ್ದರೂ ನಗರದ ಕಾನೂನನ್ನು ಮುರಿಯಲಾರೆ ಎಂದು ಸಾಕ್ರಟೀಸ್ ಉಳಿಯುತ್ತಾನೆ. ಇಬ್ಬರೂ ಸಾಯುತ್ತಾರೆ. ಯಾರು ಸರಿ ಎಂದು ಥಟ್ಟನೆ ಹೇಳಲು ನನಗೆ ಇಂದಿಗೂ ಆಗುವುದಿಲ್ಲ. ಈಸ್ಕಿಲಸನ ‘ಪಾರಸಿಕರು’ ನಾಟಕವನ್ನು ಬಿ.ಎಂ.ಶ್ರೀ. ಅನುವಾದಿಸಿದ್ದಾರೆ. ಸೋತ ಪರ್ಷಿಯನ್ನರ ಆಸ್ಥಾನದ ಶೋಕವನ್ನು ಗೆದ್ದ ಅಥೆನ್ಸಿನವರ ಮುಂದೆ, ಗೆದ್ದು ಎಂಟೇ ವರ್ಷಗಳಾಗಿದ್ದಾಗ ಆಡಿ ತೋರಿಸಿದ ನಾಟಕ ಅದು. ಶ್ರೀಯವರದೇ ‘ಅಶ್ವತ್ಥಾಮನ್’ ಸೊಫೋಕ್ಲಿಸನ ‘ಅಜಾಕ್ಸ್’ ನಾಟಕವನ್ನು ಮಹಾಭಾರತದ ಪಾತ್ರಕ್ಕೆ ಹೊಂದಿಸಿಕೊಂಡದ್ದು. ಹಳಗನ್ನಡ ಅಭ್ಯಾಸವಿದ್ದರೆ ಬಿಡಬೇಡಿ.

ಇಂಗ್ಲಿಷಿನಲ್ಲಿ ಓದುವುದಾದರೆ ಪ್ಲೇಟೋನಿಗೆ ಜಿ.ಎಂ.ಎ. ಗ್ರೂಬ್ ಅವರ ಅನುವಾದ ತಿಳಿಯಾಗಿದೆ. ‘ಅಪಾಲಜಿ’, ‘ಕ್ರೀಟೋ’ ಎರಡೂ ಇರುವ ‘ಫೈವ್ ಡಯಲಾಗ್ಸ್’ ಎಂಬ ಸಂಪುಟ ಸಿಗುತ್ತದೆ. ಹಣ ಖರ್ಚು ಮಾಡುವುದು ಬೇಡವೆಂದರೆ 19ನೆಯ ಶತಮಾನದ ಬೆಂಜಮಿನ್ ಜೊವೆಟ್ ಅನುವಾದ ಅಂತರ್ಜಾಲದಲ್ಲಿ ಉಚಿತವಾಗಿದೆ. ಹೋಮರನಿಗೆ ರಾಬರ್ಟ್ ಫೇಗಲ್ಸ್ ಅಥವಾ ಎಮಿಲಿ ವಿಲ್ಸನ್. ಎರಡರ ಮೊದಲ ಪುಟ ಓದಿ ನೋಡಿ, ಯಾವುದು ಗಟ್ಟಿಯಾಗಿ ಓದಲು ಮನಸ್ಸಾಗುತ್ತದೋ ಅದನ್ನೇ ಕೊಳ್ಳಿ.

‘ರಿಪಬ್ಲಿಕ್’ ಅನ್ನು ‘ಒಡಿಸ್ಸಿ’ಯ ಹನ್ನೊಂದನೆಯ ಸರ್ಗ ಓದುವವರೆಗೆ ಮುಟ್ಟಬೇಡಿ. ಅಲ್ಲಿ ಪಾತಾಳದಲ್ಲಿ ಸಿಕ್ಕುವ ಅಕಿಲೀಸ್, ಸತ್ತವರಿಗೆಲ್ಲ ಒಡೆಯನಾಗುವುದಕ್ಕಿಂತ ಭೂಮಿಯ ಮೇಲೆ ಬಡವನೊಬ್ಬನ ಬಳಿ ಕೂಲಿಯಾಗಿರುವುದೇ ಮೇಲು ಎನ್ನುತ್ತಾನೆ. ‘ರಿಪಬ್ಲಿಕ್’ನ ಮೂರನೆಯ ಪುಸ್ತಕದಲ್ಲಿ, ಆದರ್ಶ ನಗರವನ್ನು ಕಾಯುವ ಕಾವಲುಗಾರರು ಸಾವಿಗೆ ಹೆದರಬಾರದೆಂಬ ಕಾರಣಕ್ಕೆ ಹೋಮರನಿಂದ ತೆಗೆದುಹಾಕಬೇಕಾದ ಸಾಲುಗಳಲ್ಲಿ ಮೊದಲಿಗೆ ಬರುವುದು ಇದೇ. ಅಕಿಲೀಸನನ್ನು ನೆನೆದು ಸಾವನ್ನು ಎದುರಿಸಿದ ಸಾಕ್ರಟೀಸನ ಬಾಯಲ್ಲೇ ಪ್ಲೇಟೋ ಅದನ್ನು ಹೇಳಿಸುತ್ತಾನೆ. ಹೋಮರನನ್ನು ಓದಿದ್ದರೆ ಆ ಪುಟದಲ್ಲಿ ನೀವು ಪ್ಲೇಟೋನೊಡನೆ ಸರಿಸಮವಾಗಿ ವಾದಕ್ಕಿಳಿಯಬಹುದು.

ಅರಿಸ್ಟಾಟಲನ ಬರಹ ಒಣಗಿದಂತೆ ಕಂಡರೆ ಧೈರ್ಯಗೆಡಬೇಡಿ. ನಮಗೆ ಉಳಿದಿರುವುದು ಬಹುಪಾಲು ಪಾಠದ ಟಿಪ್ಪಣಿಗಳಂಥ ಬರಹಗಳು. ‘ದೊರೆ ಈಡಿಪಸ್’ ಓದಿದ ಮೇಲೆ ದುರಂತ ನಾಟಕದ ಬಗ್ಗೆ ಅವನು ಬರೆದ ‘ಪೊಯೆಟಿಕ್ಸ್’, ಆಮೇಲೆ ‘ನಿಕೊಮೇಕಿಯನ್ ಎಥಿಕ್ಸ್’ನಲ್ಲಿ ಸ್ನೇಹದ ಬಗ್ಗೆ ಇರುವ ಎಂಟು ಮತ್ತು ಒಂಬತ್ತನೆಯ ಪುಸ್ತಕಗಳು. ಹೆರಾಕ್ಲಿಟಸ್ ಮೊದಲಾದ, ಸಾಕ್ರಟೀಸನಿಗೂ ಹಿಂದಿನ ಚಿಂತಕರ ಬರಹ ಚೂರುಚೂರಾಗಿ ಮಾತ್ರ ಉಳಿದಿದೆ, ಅವರನ್ನು ಕೊನೆಗೆ ಇಟ್ಟುಕೊಳ್ಳಿ. ‘ಅಪಾಲಜಿ’ ಮುಗಿಸಿದ ಮೇಲೆ ಇಲ್ಲೇ ಬರೆಯಿರಿ. ನೀವು ಆ ಸಭೆಯಲ್ಲಿದ್ದಿದ್ದರೆ ಯಾವ ಕಡೆಗೆ ಮತ ಹಾಕುತ್ತಿದ್ದಿರಿ ಎಂದು ತಿಳಿಯಲು ನನಗೆ ನಿಜವಾಗಿಯೂ ಆಸೆಯಿದೆ.