ಓದುಗರ ಪ್ರಶ್ನೆ: ಬೆಳಗ್ಗೆ ಹಿಡಿಯದ ಹಳೆಯ ಕ್ಯಾಂಪರ್ ವ್ಯಾನ್

ಪ್ರಶ್ನೆ: ನಮ್ಮ ಹಳೆಯ ಟೆಂಪೊ ಟ್ರಾವೆಲರ್‌ಗೆ ಹಾಸಿಗೆ, ಫ್ರಿಜ್, ಇನ್ವರ್ಟರ್ ಹಾಕಿಸಿ ಕ್ಯಾಂಪರ್ ಮಾಡಿಕೊಂಡಿದ್ದೇವೆ. ಸ್ಟಾರ್ಟ್ ಮಾಡುವ ಮುಂಚೆ ಸಿಲಿಂಡರ್ ಒಳಗನ್ನು ಕಾಯಿಸುವ ಹೀಟರ್ ಪ್ಲಗ್ ಇರುವ ಡೀಸೆಲ್ ಎಂಜಿನ್. ಹದಿನೈದು ದಿನ ನಿಲ್ಲಿಸಿದರೆ ಸೆಲ್ಫ್ ಎಳೆದೆಳೆದು ತಿರುಗುತ್ತದೆ, ಬಿಳಿ ಹೊಗೆ ಬರುತ್ತದೆ, ಸ್ಟಾರ್ಟ್ ಆಗುವುದಿಲ್ಲ. ತಳ್ಳಿದರೆ ತಕ್ಷಣ ಹಿಡಿಯುತ್ತದೆ. ಈಗಾಗಲೇ ಎರಡು ಬ್ಯಾಟರಿ ಬದಲಾಯಿಸಿದ್ದೇವೆ.
– ಓದುಗರು, ಸಕಲೇಶಪುರ

ಉತ್ತರ: ಮೂರನೆಯ ಬ್ಯಾಟರಿ ಈಗಲೇ ಕೊಳ್ಳಬೇಡಿ. ಬಿಳಿ ಹೊಗೆ ಎಂದರೆ ಡೀಸೆಲ್ ಸಿಲಿಂಡರಿಗೆ ಬರುತ್ತಿದೆ, ಆದರೆ ಉರಿಯುತ್ತಿಲ್ಲ. ತಳ್ಳಿದರೆ ಹಿಡಿಯುವುದರಿಂದ ಪಂಪು, ನಾಝಲ್ ಬಿಚ್ಚಿಸುವ ಅಗತ್ಯ ಸದ್ಯಕ್ಕಿಲ್ಲ. ಡೀಸೆಲ್ ಉರಿಯುವುದು ಒತ್ತಿದ ಗಾಳಿಯ ಬಿಸಿಯಿಂದ. ಸೆಲ್ಫ್ ನಿಧಾನವಾದರೆ ಆ ಬಿಸಿ ತಣ್ಣನೆಯ ಸಿಲಿಂಡರ್ ಗೋಡೆಗೇ ಹೋಗಿಬಿಡುತ್ತದೆ.

ಒಂದು ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, 12.2 ಇದ್ದರೆ ಅರ್ಧ ಖಾಲಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ. ಡೀಸೆಲ್ ತಡೆದು ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಇದ್ದರೆ ಎಳೆದು ಹಿಡಿದು ಐದು ಸೆಕೆಂಡ್ ಸೆಲ್ಫ್ ಹೊಡೆಸಿ. ಬ್ಯಾಟರಿ 9.6 ವೋಲ್ಟಿಗಿಂತ ಕೆಳಗಿಳಿದರೆ ಚಾರ್ಜ್ ಮಾಡಿ ಮತ್ತೆ ನೋಡಿ. ಇಳಿಯದಿದ್ದರೂ ಸೆಲ್ಫ್ ನಿಧಾನವಿದ್ದರೆ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ (ಕ್ಲ್ಯಾಂಪಿಗಲ್ಲ, ಕಂಬಕ್ಕೇ), ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರೀ ಲೋಹಕ್ಕೆ ಇಟ್ಟು ಮತ್ತೆ ಹೊಡೆಸಿ. 0.3 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್ ಕೆಟ್ಟಿದೆ. ಪಾಸಿಟಿವ್ ಕಂಬದಿಂದ ಸೆಲ್ಫ್‌ನ ದಪ್ಪ ಬೋಲ್ಟಿನವರೆಗೆ 0.5 ದಾಟಬಾರದು. ಸೆಲ್ಫ್ 200 ಆಂಪಿಯರ್ ಎಳೆಯುವಾಗ ಬರೀ 0.01 ಓಮ್ ತಡೆಯಿದ್ದರೂ 2 ವೋಲ್ಟ್ ದಾರಿಯಲ್ಲೇ ಹೋಯಿತು.

ಹಳೆಯ ಗಾಡಿಗಳಲ್ಲಿ ನಮ್ಮ ಮೊದಲ ಅನುಮಾನ ಎಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ಅರ್ಥ್ ಪಟ್ಟಿಯ ಮೇಲೆ. ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತದೆ; ಬೋಲ್ಟ್ ಬಿಚ್ಚಿದರೆ ಕೆಳಗೆ ತುಕ್ಕು, ಪೇಂಟು, ಹಸಿರು ಪುಡಿ. ಎಮರಿ ಹಾಳೆಯಿಂದ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಎರಡೂ ಅಳತೆ ಸರಿಯಿದ್ದರೆ ಸೆಲ್ಫ್ ಬಿಚ್ಚಿಸಿ ಒಳಗಿನ ಸವೆಯುವ ಭಾಗಗಳಾದ ಕಾರ್ಬನ್, ಬುಷ್ ನೋಡಿಸಿ.

ಎರಡು ಬ್ಯಾಟರಿ ಸತ್ತದ್ದಕ್ಕೆ ಬಹುಶಃ ಇನ್ವರ್ಟರೇ ಕಾರಣ. ಏನೂ ಓಡಿಸದೆ ಬರೀ ಆನ್ ಇದ್ದು ಅರ್ಧ ಆಂಪಿಯರ್ ಎಳೆದರೂ ದಿನಕ್ಕೆ 12 ಆಂಪಿಯರ್-ಅವರ್. 80ರ ಬ್ಯಾಟರಿ ವಾರದಲ್ಲಿ ಬರಿದು. ಹಾಗೆ ಬರಿದಾಗಿ ದಿನಗಟ್ಟಲೆ ನಿಂತರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಮೊದಲಿನಂತಾಗದು. ಎಲ್ಲ ಆರಿಸಿ, ನೆಗೆಟಿವ್ ತಂತಿ ಬಿಚ್ಚಿ, ನಡುವೆ ಮೀಟರನ್ನು ಆಂಪಿಯರ್‌ನಲ್ಲಿ ಸೇರಿಸಿ. 50 ಮಿಲಿಆಂಪಿಯರ್ ದಾಟಿದರೆ ಒಂದೊಂದೇ ಫ್ಯೂಸ್ ಕಿತ್ತು ಕಳ್ಳನನ್ನು ಹುಡುಕಿ. ಮೀಟರ್ ಹಾಗಿರುವಾಗ ಸೆಲ್ಫ್ ಮಾತ್ರ ಹೊಡೆಯಬೇಡಿ, ಮೀಟರ್ ಸುಟ್ಟುಹೋಗುತ್ತದೆ. ಫ್ರಿಜ್, ಇನ್ವರ್ಟರ್‌ಗೆ ಬೇರೆಯೇ ಬ್ಯಾಟರಿ ಹಾಕಿಸಿ, ಎಂಜಿನ್ ಓಡುವಾಗ ಮಾತ್ರ ಎರಡನ್ನೂ ಜೋಡಿಸುವ ರಿಲೇ ಇಡಿಸಿ.

ಸೆಲ್ಫ್ ಚುರುಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೀಟರ್ ಪ್ಲಗ್. ಜೋಡಿಸಿದ ಪಟ್ಟಿ ಬಿಚ್ಚಿ ಒಂದೊಂದನ್ನೇ ಅಳೆಯಿರಿ: 2 ಓಮ್‌ನೊಳಗಿದ್ದರೆ ಸರಿ, ಮೀಟರ್ ಅಲುಗದಿದ್ದರೆ ಅದು ಸುಟ್ಟಿದೆ.

ಪ್ರಶ್ನೆ: ಸೆಲ್ಫ್ ಜೋರಾಗಿದೆ, ಹೊಗೆಯೇ ಇಲ್ಲ. ಡೀಸೆಲನ್ನು ಕೈಯಿಂದ ಮುಂದೆ ತಳ್ಳುವ ಹ್ಯಾಂಡ್ ಪಂಪ್ ಹೊಡೆದರೆ ಮಾತ್ರ ಸ್ಟಾರ್ಟ್.
– ಓದುಗರು, ಮೈಸೂರು

ಉತ್ತರ: ಏರ್ ಹಿಡಿಯುತ್ತಿದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪು ಡೀಸೆಲನ್ನು ಹೀರುವ ಭಾಗ. ಅಲ್ಲಿ ಬಿರುಕಿದ್ದರೆ ಡೀಸೆಲ್ ತೊಟ್ಟಿಕ್ಕದೆ ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಲೀಕ್ ಕಣ್ಣಿಗೆ ಬೀಳುವುದಿಲ್ಲ. ಫಿಲ್ಟರಿನಿಂದ ಮುಂದೆ ಒಂದಡಿ ಪಾರದರ್ಶಕ ಡೀಸೆಲ್ ಪೈಪ್ ಸೇರಿಸಿ ನೋಡಿ, ಗುಳ್ಳೆ ಓಡುವುದು ಕಾಣುತ್ತದೆ. ಹಳೆಯ ರಬ್ಬರ್ ಪೈಪು, ಕ್ಲಿಪ್ಪು ಬದಲಿಸಿ. ಫಿಲ್ಟರ್ ಬದಲಿಸಿದಾಗ ಹಳೆಯ ವಾಷರನ್ನೇ ಮತ್ತೆ ಹಾಕಿದ್ದರೆ ಅದನ್ನೂ ಬದಲಿಸಿ. ಬಳಿಕ ಫಿಲ್ಟರಿನ ಏರ್ ಸ್ಕ್ರೂ ಒಂದು ಸುತ್ತು ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪ್ ಹೊಡೆದು, ಹರಿಯುತ್ತಿರುವಾಗಲೇ ಬಿಗಿಯಿರಿ.

ಪ್ರಶ್ನೆ: ಚಳಿಗೆ ಸ್ಟಾರ್ಟ್ ಆಗದಿದ್ದರೆ ಎಂಜಿನ್ ಗಾಳಿ ಎಳೆಯುವ ಕಡೆ, ಬೇಗ ಹೊತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆಯಬಹುದೆ?
– ಓದುಗರು, ಮಡಿಕೇರಿ

ಉತ್ತರ: ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಖಂಡಿತ ಬೇಡ. ಕೆಂಪಗೆ ಕಾದ ಪ್ಲಗ್ಗಿಗೆ ತಗುಲಿ ಹೊತ್ತಲ್ಲದ ಹೊತ್ತಿಗೆ ಸಿಡಿಯುತ್ತದೆ. ಪಿಸ್ಟನ್, ರಿಂಗ್ ಒಡೆಯಬಹುದು. ಹೀಟರ್ ಎರಡು ಸಲ ಕೊಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ 10 ಸೆಕೆಂಡ್ ಸಾಕು, ನಡುವೆ ಒಂದೆರಡು ನಿಮಿಷ ಬಿಡುವಿರಲಿ.