ದಪ್ಪ ಅಕ್ಷರದ ಪಾಸಿಟಿವ್

ಆಕೆಗೆ 23 ವರ್ಷ. ಹೆಸರು, ಊರು ಬೇಡ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಎರಡೂವರೆ ತಿಂಗಳಿಗೆ ಗರ್ಭಪಾತ ಆಗಿತ್ತು. ಆಮೇಲೆ ಯಾರೋ ಹೇಳಿದರೆಂದು ಟಾರ್ಚ್ ಟೆಸ್ಟ್ (ಬಸಿರಿನಲ್ಲಿ ಮಗುವಿಗೆ ತೊಂದರೆ ಕೊಡಬಲ್ಲ ಕೆಲವು ಸೋಂಕುಗಳ ರಕ್ತಪರೀಕ್ಷೆ) ಮಾಡಿಸಿದ್ದರು. ರುಬೆಲ್ಲಾ, ಸಿಎಂವಿ ಅದರಲ್ಲಿ ಬರುವ ಎರಡು ವೈರಸ್‌ಗಳು. ರುಬೆಲ್ಲಾ ಐಜಿಜಿ, ಸಿಎಂವಿ ಐಜಿಜಿ ಎರಡರ ಮುಂದೆಯೂ ದಪ್ಪ ಅಕ್ಷರದಲ್ಲಿ ಪಾಸಿಟಿವ್.

"ರುಬೆಲ್ಲಾ 10 ದಾಟಬಾರದಂತೆ, 186 ಇದೆ ಮೇಡಂ. ಇಳಿಯೋವರೆಗೂ ಮಗು ಬೇಡ ಅಂತಾರೆ ಮನೇಲಿ."

ಮತ್ತೆ ಎರಡು ಸಲ ಟೆಸ್ಟ್ ಆಗಿತ್ತು. ಇಳಿದಿರಲಿಲ್ಲ.

ಸಕ್ಕರೆ, ಬಿಪಿ ನೋಡಿ ರೂಢಿಯಾದವರಿಗೆ ಜಾಸ್ತಿ ಅಂದರೆ ಕೆಟ್ಟದ್ದು. ಇಲ್ಲಿ ಹಾಗಲ್ಲ. ಈ ಟೆಸ್ಟ್ ರೋಗಾಣುವನ್ನು ಎಣಿಸುವುದಿಲ್ಲ. ಅದರ ವಿರುದ್ಧ ಮೈ ತಯಾರಿಸಿಕೊಂಡ ಪ್ರತಿಕಾಯವನ್ನು ಅಳೆಯುತ್ತದೆ. ಇಲ್ಲಿ ನೋಡುವುದು ಪ್ರತಿಕಾಯದ ಎರಡು ಬಗೆ. ಐಜಿಎಂ ಸಾಮಾನ್ಯವಾಗಿ ಸೋಂಕು ಹೊಸದಾಗಿ ತಗುಲಿದಾಗ ಕಾಣುತ್ತದೆ (ಸುಳ್ಳು ಪಾಸಿಟಿವ್ ಕೂಡ ಉಂಟು, ಅದೊಂದನ್ನೇ ನಂಬುವಂತಿಲ್ಲ). ಐಜಿಜಿ ಹಳೆಯ ಸೋಂಕಿನ ಇಲ್ಲವೇ ಲಸಿಕೆಯ ನೆನಪು, ವರ್ಷಗಟ್ಟಲೆ ಉಳಿಯುತ್ತದೆ. ಇವರ ಐಜಿಎಂ ಎಲ್ಲವೂ ನೆಗೆಟಿವ್. ಸಿಎಂವಿ ಐಜಿಜಿಯಂತೂ ನಮ್ಮ ದೇಶದಲ್ಲಿ ಬಹುಪಾಲು ಹೆಂಗಸರಿಗೆ ಇರುತ್ತದೆ.

"2017ರಲ್ಲಿ ಶಾಲೆಯಲ್ಲಿ ಇಂಜೆಕ್ಷನ್ ಹಾಕಿದ್ದರಾ?" ಎಂದೆ. ಆ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಿತ್ತು.

"ಹೂಂ, ಎಂಟನೇ ಕ್ಲಾಸು. ತೋಳು ನೋವು ಅಂತ ಮಾರನೇ ದಿನ ಶಾಲೆಗೆ ಚಕ್ಕರ್ ಹೊಡೆದಿದ್ದೆ."

ಆ 186 ಬಹುಶಃ ಅದರದ್ದೇ ಫಲ. ಮುಂದಿನ ಮಗುವಿಗೆ ಒಳ್ಳೆಯದೇ.

ಅತ್ತೆ ಹೊರಗೆ ಕೂತಿದ್ದರು. ಸೊಸೆಯ ರಕ್ತದಲ್ಲೇ ದೋಷ ಅನ್ನುತ್ತಿದ್ದವರು ಅವರೇ. ಒಳಗೆ ಕರೆದೆ.

"ಅಮ್ಮಾ, ನಿಮ್ಮ ತೋಳಲ್ಲಿ ದಾಕು ಹಾಕಿದ ಕಲೆ ಇದೆಯಲ್ಲ, ಸಿಡುಬು ಇದೆ ಅಂತಲಾ ಅದರ ಅರ್ಥ?"

"ಅಯ್ಯೋ, ಬರದೇ ಇರಲಿ ಅಂತ ಹಾಕಿದ್ದಲ್ವಾ."

"ಇವರದ್ದೂ ಅಂಥದ್ದೇ ಕಲೆ. ರಕ್ತದಲ್ಲಿದೆ ಅಷ್ಟೇ."

ಅವರು ರಿಪೋರ್ಟನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು.

ಇಬ್ಬರಿಗೂ ಹೇಳಿದ್ದಿಷ್ಟು. ಈ ಟೆಸ್ಟ್‌ಗೆ ಇನ್ನು ದುಡ್ಡು ಸುರಿಯಬೇಡಿ. ಗರ್ಭ ನಿಂತದ್ದು ಗೊತ್ತಾದ 100ರಲ್ಲಿ 10ರಿಂದ 20 ಹೀಗೆ ಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಹೋಗುವುದಕ್ಕೆ ಹೆಚ್ಚಿನ ಸಲ ಭ್ರೂಣದ ಕ್ರೋಮೋಸೋಮಿನ ಏರುಪೇರೇ ಕಾರಣ, ಯಾರ ತಪ್ಪೂ ಅಲ್ಲ. ಮುಂದಿನ ಮಗು ಯಾವಾಗ ಎಂಬುದನ್ನು ಡಾಕ್ಟರ ಹತ್ತಿರ ಕೇಳಿ, ಫೋಲಿಕ್ ಆಸಿಡ್ ಮಾತ್ರೆ ಮೊದಲೇ ಶುರು ಮಾಡಿ. ಗಂಡ ಈ ವಿಷಯ ಮಾತಾಡುವುದನ್ನೇ ಬಿಟ್ಟಿದ್ದಾರಂತೆ. ಮುಂದಿನ ಸಲ ಅವರೂ ಬರಲಿ.

ಏಳುವಾಗ ಆಕೆ ಕೇಳಿದರು, "ಹಾಗಾದ್ರೆ ಬೆಕ್ಕು?"

ಬೆಕ್ಕಿನಿಂದ ಟಾಕ್ಸೋ (ಇದೇ ಟೆಸ್ಟಿನಲ್ಲಿ ನೋಡುವ ಇನ್ನೊಂದು ಸೋಂಕು) ಬರುತ್ತದೆ ಎಂದು ಕೇಳಿ, ಅದನ್ನು ಪಕ್ಕದೂರಿನ ನೆಂಟರ ಮನೆಗೆ ಸಾಗಿಸಿದ್ದರಂತೆ! ರಿಪೋರ್ಟ್ ಮತ್ತೆ ತೆಗೆಸಿದೆ. ಟಾಕ್ಸೋ ಐಜಿಜಿ ನೆಗೆಟಿವ್. ದಪ್ಪ ಅಕ್ಷರವಿಲ್ಲದ ಆ ಸಾಲನ್ನು ಯಾರೂ ಓದಿರಲಿಲ್ಲ. ಬೆಕ್ಕಿನದ್ದೇನೂ ತಪ್ಪಿಲ್ಲ. ಆದರೆ ಇದುವರೆಗೆ ತಗುಲಿಲ್ಲ ಅಂದರೆ ಬಸಿರಿನಲ್ಲಿ ಹೊಸದಾಗಿ ತಗುಲಬಹುದು, ಆಗ ಮಗುವಿಗೆ ತೊಂದರೆ. ಅದಕ್ಕೇ ಸೊಪ್ಪು ಚೆನ್ನಾಗಿ ತೊಳೆಯಿರಿ, ಮಾಂಸ ಪೂರ್ತಿ ಬೇಯಿಸಿ, ಮಣ್ಣು ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಿರಿ. ಬೆಕ್ಕಿನ ಹೇಲನ್ನು ಬೇರೆಯವರು ತೆಗೆಯಲಿ ಎಂದೆ.

"ಅದು ನಾನು ಬಳೀತೀನಿ ಬಿಡಿ," ಅಂದರು ಅತ್ತೆ.